‘ಯಾವ ರೇಸಿಗೆ ಹಾಕೂಣ್ರೀ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನನ್ನ ಬಳಿಗೆ, ಸೈಕಲ್ ಹೊಡೆಯುವ ಮಕ್ಕಳ ತಂದೆತಾಯಂದಿರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ‘ಸರ, ನಮ್ಮ ಹುಡುಗ ಸೈಕಲ್ ಚಲೋ ಹೊಡೀತಾನ್ರೀ. ಯಾವ ರೇಸಿಗೆ ಹಾಕೂಣು? ಈಗಿಂದನ ಒಂದಕ್ಕ ಹಚ್ಚಿಬಿಟ್ರ ಮುಂದ ಅದರಾಗ ಏನರ ಆದಾನಲ್ರೀ?’ ಹುಡುಗನಿಗೆ ಆಗಿನ್ನೂ ಹನ್ನೆರಡೋ ಹದಿಮೂರೋ ವರ್ಷ. ಕ್ರೀಡಾ ಹಾಸ್ಟೆಲ್ ಸೇರಿದ ಪಕ್ಕದ ಮನೆಯ ಹುಡುಗನೊಬ್ಬ ಪದಕ ತಂದಿರುತ್ತಾನೆ, ತಮ್ಮ ಮಗನಿಗೆ ತಡವಾಗುತ್ತಿದೆ ಎಂಬ ಆತಂಕ ಅವರ ಮಾತಿನಲ್ಲಿ ಎದ್ದು ಕಾಣುತ್ತದೆ.

ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಸ್ಕಾಟ್ಲೆಂಡಿನ ಕ್ರಿಸ್ ಹೋಯ್ ಅವರ ಕ್ರೀಡಾಜೀವನ. ಶಾಲೆಯ ಬಯಲಿನಲ್ಲಿ ನಿಂತು ಅದನ್ನು ಪೂರ್ತಿ ಹೇಳಲು ಪುರಸೊತ್ತು ಸಿಗುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಆರು ಚಿನ್ನ, ಒಂದು ಬೆಳ್ಳಿ ಗೆದ್ದ ಟ್ರ್ಯಾಕ್ ಸೈಕ್ಲಿಸ್ಟ್ ಅವರು. ಆದರೆ ನಾನು ಅವರ ಹೆಸರು ಹೇಳುವುದು ಪದಕಗಳ ಸಂಖ್ಯೆಗಾಗಿ ಅಲ್ಲ, ಅವು ಬಂದ ದಾರಿಗಾಗಿ.

ಹೋಯ್ ಹುಟ್ಟಿದ್ದು 1976ರಲ್ಲಿ, ಎಡಿನ್‌ಬರೊದಲ್ಲಿ. ಏಳು ವರ್ಷದವರಿದ್ದಾಗ ಬಿಎಂಎಕ್ಸ್‌ನಲ್ಲಿ, ಅಂದರೆ ಸಣ್ಣ ಗಾಲಿಯ ಸೈಕಲ್ಲಿನಲ್ಲಿ ಮಣ್ಣಿನ ದಿಬ್ಬಗಳ ಮೇಲೆ ಹಾರಿ ಓಡುವ ಸ್ಪರ್ಧೆಯಲ್ಲಿ, ಆರಂಭಿಸಿ ಹದಿನಾಲ್ಕರವರೆಗೆ ಅದನ್ನೇ ಆಡಿದರು. ತಮ್ಮ ವಯಸ್ಸಿನ ಗುಂಪಿನಲ್ಲಿ ಬ್ರಿಟನ್ನಿನಲ್ಲಿ ಎರಡನೆಯ, ಜಗತ್ತಿನಲ್ಲಿ ಒಂಬತ್ತನೆಯ ಸ್ಥಾನದವರೆಗೂ ಹೋಗಿದ್ದರು. ನಮ್ಮಲ್ಲಾಗಿದ್ದರೆ ಆ ಹುಡುಗನನ್ನು ಅಲ್ಲಿಗೇ ಕಟ್ಟಿಹಾಕುತ್ತಿದ್ದೆವು. ಅವರು ಬಿಎಂಎಕ್ಸ್ ಬಿಟ್ಟು ದೋಣಿ ಹುಟ್ಟುಹಾಕುವ ಸ್ಪರ್ಧೆಗೆ ಹೋದರು, 1993ರಲ್ಲಿ ಬ್ರಿಟಿಷ್ ಜೂನಿಯರ್ ಮಟ್ಟದಲ್ಲಿ ಜೊತೆಗಾರನೊಂದಿಗೆ ಬೆಳ್ಳಿ ಗೆದ್ದರು. ಶಾಲೆಗಾಗಿ ರಗ್ಬಿಯನ್ನೂ ಆಡಿದರು. ಸೈಕಲ್ ಕ್ಲಬ್ ಸೇರಿ ಟ್ರ್ಯಾಕ್ ಕಡೆಗೆ ಹೊರಳಿದ್ದು ಹದಿಹರೆಯದ ನಡುವಿನಲ್ಲಿ. ಊರಿನ ಮೆಡೋಬ್ಯಾಂಕ್ ವೆಲೊಡ್ರೋಮ್, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕು, 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಅದಕ್ಕೆ ಛಾವಣಿ ಇರಲಿಲ್ಲ, ಹಲಗೆಗಳ ಮೇಲೆ ಮಳೆ ಬಿದ್ದರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲುತ್ತಿತ್ತು. ನಡುವೆ ಕಾಲೇಜೂ ನಡೆದಿತ್ತು: ಸೇಂಟ್ ಆಂಡ್ರೂಸ್‌ನಲ್ಲಿ ಗಣಿತ ಮತ್ತು ಭೌತಶಾಸ್ತ್ರಕ್ಕೆ ಸೇರಿ, ಅದನ್ನು ಬಿಟ್ಟು ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದಿ 1999ರಲ್ಲಿ ಪದವಿ ಪಡೆದರು. ಇಪ್ಪತ್ತಮೂರನೆಯ ವಯಸ್ಸಿಗೆ ಕೈಯಲ್ಲಿ ಪದವಿ ಇತ್ತು, ಒಲಿಂಪಿಕ್ ಪದಕ ಇನ್ನೂ ಇರಲಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕೆಂದು ನನ್ನ ಆಸೆ.

ಟ್ರ್ಯಾಕ್ ಸೈಕ್ಲಿಂಗ್ ಎಂದರೇನೆಂದು ನಮ್ಮ ಕಡೆ ಕಣ್ಣಾರೆ ನೋಡಿದವರು ಕಡಿಮೆ. ಗದಗದಲ್ಲಾಗಲಿ ಹುಬ್ಬಳ್ಳಿ-ಧಾರವಾಡ, ಹಾವೇರಿಗಳಲ್ಲಾಗಲಿ ವೆಲೊಡ್ರೋಮ್ ಇಲ್ಲ. ಒಲಿಂಪಿಕ್ ಅಳತೆಯ ಟ್ರ್ಯಾಕು 250 ಮೀಟರಿನ ಮರದ ಹಲಗೆಯ ಸುತ್ತು. ನೇರ ಭಾಗದಲ್ಲಿ ಸಣ್ಣ ಇಳಿಜಾರು, ತಿರುವುಗಳಲ್ಲಿ ಸುಮಾರು 42 ಡಿಗ್ರಿಯಷ್ಟು ಕಡಿದು. ಮಕ್ಕಳಿಗೆ ನಾನು ಜಾತ್ರೆಯ ಮರಣಬಾವಿಯನ್ನು ನೆನಪಿಸುತ್ತೇನೆ: ಅಲ್ಲಿ ಮೋಟರ್‌ಸೈಕಲ್ ಗೋಡೆಗೆ ಅಂಟಿಕೊಂಡು ಓಡುವುದು ವೇಗದ ಬಲದಿಂದ, ಇಲ್ಲಿಯೂ ವೇಗ ತಗ್ಗಿದರೆ ಗಾಲಿ ಹಲಗೆಯ ಮೇಲಿನಿಂದ ಜಾರುತ್ತದೆ. ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ, ಒಂದೇ ಗೇರು, ಫ್ರೀವೀಲ್ ಕೂಡ ಇಲ್ಲ. ನಮ್ಮ ಸಾದಾ ಸೈಕಲ್ಲಿನಲ್ಲಿ ಇಳಿಜಾರು ಬಂದಾಗ ಕಾಲು ನಿಲ್ಲಿಸಿದರೂ ‘ಕಟಕಟ’ ಎಂದು ಸದ್ದು ಮಾಡುತ್ತ ಗಾಲಿ ತಿರುಗುವುದು ಫ್ರೀವೀಲಿನಿಂದ. ಅದನ್ನು ತೆಗೆದು ಹಲ್ಲುಚಕ್ರವನ್ನು ಹಿಂದಿನ ಗಾಲಿಗೇ ಬಿಗಿದರೆ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿಗೆ ಬಿಡುವಿಲ್ಲ, ವೇಗ ಇಳಿಸಬೇಕೆಂದರೂ ಪೆಡಲನ್ನು ಹಿಂದಕ್ಕೆ ಒತ್ತಿಹಿಡಿಯಬೇಕು.

ಇಂಥ ಸೈಕಲ್ಲಿನ ಮೇಲೆ ಒಬ್ಬರೇ, ಗಡಿಯಾರದ ವಿರುದ್ಧ, ನಾಲ್ಕು ಸುತ್ತು ಓಡುವುದು ‘ಕಿಲೋ’, ಅಂದರೆ ಒಂದು ಕಿಲೋಮೀಟರಿನ ಸ್ಪರ್ಧೆ. ಹಿಂದಿನ ಗಾಲಿಯನ್ನು ‘ಗೇಟು’ ಎಂಬ ಯಂತ್ರವೊಂದು ಹಿಡಿದಿರುತ್ತದೆ. ಎಣಿಕೆ ಮುಗಿದು ಅದು ಬಿಟ್ಟ ಕ್ಷಣದಲ್ಲಿ ಸವಾರ ಸೀಟಿನಿಂದ ಎದ್ದು ಇಡೀ ಮೈಭಾರವನ್ನು ಒಂದು ಪೆಡಲಿನ ಮೇಲೆ ಹಾಕಬೇಕು. ಭಾರೀ ಗೇರು, ಮೊದಲ ಅರ್ಧ ಸುತ್ತಿನಲ್ಲಿ ಸೈಕಲ್ಲು ಹಠ ಹಿಡಿದಂತೆ ಮೆಲ್ಲಗೆ ಚಲಿಸುತ್ತದೆ. ಎರಡನೆಯ ಸುತ್ತಿಗೆ ವೇಗ ತುದಿಗೇರುತ್ತದೆ, ಮೂರನೆಯದರಲ್ಲಿ ತೊಡೆಗಳು ಉರಿಯತೊಡಗುತ್ತವೆ, ನಾಲ್ಕನೆಯದರಲ್ಲಿ ಸವಾರನಿಗೆ ಸೈಕಲ್ಲನ್ನು ಟ್ರ್ಯಾಕಿನ ಒಳಬದಿಯ ಕಪ್ಪು ಗೆರೆಯ ಮೇಲೆ ನೇರ ಇಟ್ಟುಕೊಳ್ಳುವುದೇ ಸಾಹಸವಾಗುತ್ತದೆ. ಗೇಟು ಬಿದ್ದೊಡನೆ ಚಿಮ್ಮುವುದನ್ನು ಬಿಎಂಎಕ್ಸ್ ಕಲಿಸಿತ್ತು, ಉರಿಯುವ ಸ್ನಾಯುಗಳನ್ನು ಸಹಿಸಿಕೊಂಡು ಬಲ ಹಾಕುವುದನ್ನು ದೋಣಿ ಕಲಿಸಿತ್ತು ಎಂದು ನಾನು ನಂಬುತ್ತೇನೆ.

2000ದ ಸಿಡ್ನಿಯಲ್ಲಿ ಮೂವರ ತಂಡ ಮೂರು ಸುತ್ತು ಓಡುವ ಟೀಮ್ ಸ್ಪ್ರಿಂಟ್‌ನಲ್ಲಿ ಬೆಳ್ಳಿ ಬಂತು. 2004ರ ಅಥೆನ್ಸ್‌ನಲ್ಲಿ, ವಿಶ್ವ ಚಾಂಪಿಯನ್ ಆಗಿದ್ದುದರಿಂದ, ಕಿಲೋ ಸ್ಪರ್ಧೆಯಲ್ಲಿ ಹೋಯ್ ಎಲ್ಲರಿಗಿಂತ ಕೊನೆಗೆ ಓಡಬೇಕಿತ್ತು. ಅವರಿಗಿಂತ ಮುಂಚೆ ಫ್ರಾನ್ಸಿನ ಆರ್ನೋ ಟೂರ್ನಾನ್ 1 ನಿಮಿಷ 0.896 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದರು. ಸಮುದ್ರಮಟ್ಟದ ಟ್ರ್ಯಾಕಿನಲ್ಲಿ ಆವರೆಗೆ ಯಾರೂ 61 ಸೆಕೆಂಡಿನ ಒಳಗೆ ಬಂದಿರಲಿಲ್ಲ. ಆ ಸಮಯವನ್ನು ಕಣ್ಣಾರೆ ಕಂಡು ಗೇಟಿಗೆ ಹೋದ ಹೋಯ್ 1 ನಿಮಿಷ 0.711 ಸೆಕೆಂಡಿನಲ್ಲಿ ಮುಗಿಸಿ ತಮ್ಮ ಮೊದಲ ಒಲಿಂಪಿಕ್ ಚಿನ್ನ ಗೆದ್ದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಕಿಲೋ ಸ್ಪರ್ಧೆಯನ್ನು ಒಲಿಂಪಿಕ್‌ನಿಂದ ತೆಗೆಯುವ ತೀರ್ಮಾನ ಕೈಗೊಂಡಿತು. ಬೀಜಿಂಗ್‌ನಲ್ಲಿ ಬಿಎಂಎಕ್ಸ್‌ಗೆ ಜಾಗ ಮಾಡಿಕೊಡಲು ಪುರುಷರ ಕಿಲೋ ಮತ್ತು ಮಹಿಳೆಯರ 500 ಮೀಟರ್ ಎರಡನ್ನೂ ಕೈಬಿಡಲಾಯಿತು. ಚಿಕ್ಕಂದಿನಲ್ಲಿ ಅವರನ್ನು ಬೆಳೆಸಿದ ಆಟವೇ, ದೊಡ್ಡವರಾದ ಮೇಲೆ ಅವರ ಸ್ಪರ್ಧೆಯ ಜಾಗಕ್ಕೆ ಬಂತು. ನಮ್ಮ ಪೋಷಕರ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಜೀವಮಾನವನ್ನೆಲ್ಲ ಒಂದೇ ಸ್ಪರ್ಧೆಗೆ ಒತ್ತೆಯಿಟ್ಟವನಿಗೆ, ಆ ಸ್ಪರ್ಧೆ ನಾಳೆ ಇರುತ್ತದೆ ಎಂಬ ಖಾತ್ರಿಯನ್ನು ಯಾರೂ ಕೊಡಲಾರರು. ಹೋಯ್ ಕಿಲೋವನ್ನು ಕೂಡಲೇ ಬಿಡಲಿಲ್ಲ. 2007ರಲ್ಲಿ ಬೊಲಿವಿಯಾದ ಲಾ ಪಾಸ್‌ಗೆ ಹೋಗಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ ಅಡ್ಡಿ ಕಡಿಮೆ ಇರುವ ಟ್ರ್ಯಾಕಿನಲ್ಲಿ, ಟೂರ್ನಾನ್ ಹೆಸರಿನಲ್ಲಿದ್ದ 58.875 ಸೆಕೆಂಡಿನ ವಿಶ್ವದಾಖಲೆಯನ್ನು ಮುರಿಯಲು ಹೊರಟರು. ಓಡಿದ್ದು 58.880ರಲ್ಲಿ. ಸೆಕೆಂಡಿನ ಸಾವಿರದಲ್ಲಿ ಐದು ಭಾಗ ಕಡಿಮೆ ಬಿತ್ತು. ಆದರೂ ಅಲ್ಲಿಂದ ಬರಿಗೈಯಲ್ಲಿ ಬರಲಿಲ್ಲ, ಓಡುತ್ತಲೇ ಆರಂಭಿಸುವ 500 ಮೀಟರಿನ ವಿಶ್ವದಾಖಲೆ ಮಾಡಿಕೊಂಡು ಬಂದರು.

ಅಷ್ಟರಲ್ಲಿ ಅವರು ಮತ್ತೆ ವಿದ್ಯಾರ್ಥಿಯಾಗಿದ್ದರು. ಕೀರಿನ್ ಎಂಬುದು 1948ರಲ್ಲಿ ಜಪಾನಿನಲ್ಲಿ ಬಾಜಿ ಕಟ್ಟುವ ಪಂದ್ಯವಾಗಿ ಹುಟ್ಟಿದ ಸ್ಪರ್ಧೆ. ಮುಂದೆ ಒಂದು ಸಣ್ಣ ಮೋಟರ್ ಸೈಕಲ್ಲು, ಹಿಂದಿನ ಸವಾರರನ್ನು ಕರೆದೊಯ್ಯುತ್ತ ಗಂಟೆಗೆ 30 ಕಿಲೋಮೀಟರಿನಿಂದ ನಿಧಾನವಾಗಿ 50ರವರೆಗೆ ವೇಗ ಏರಿಸಿ, ಕೊನೆಯ ಕೆಲವು ಸುತ್ತು ಉಳಿದಾಗ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿಂದ ಭುಜಕ್ಕೆ ಭುಜ ತಾಗಿಸಿ ನುಗ್ಗುವ ಆಟ. ಸ್ಪ್ರಿಂಟ್ ಇನ್ನೊಂದು ಬಗೆಯದು: ಇಬ್ಬರೇ ಎದುರಾಳಿಗಳು, ಮೊದಲು ಒಬ್ಬರನ್ನೊಬ್ಬರು ಕಾಯುತ್ತ ಮೆಲ್ಲಗೆ ಹೋಗಿ ಕೊನೆಗೆ ಒಮ್ಮೆಲೆ ಚಿಮ್ಮುವುದು. ಕಿಲೋದಲ್ಲಿ ಎದುರಾಳಿಯ ಮುಖ ನೋಡುವ ಪ್ರಸಂಗವೇ ಇರುವುದಿಲ್ಲ. ಮೂವತ್ತರ ಹೊಸ್ತಿಲಲ್ಲಿ ಒಲಿಂಪಿಕ್ ಚಾಂಪಿಯನ್ ಒಬ್ಬರು ಜಪಾನಿಗೆ ಹೋಗಿ ಕೀರಿನ್ ಅಭ್ಯಾಸ ಮಾಡಿ, ಎದುರಾಳಿಯ ಮನಸ್ಸು ಓದುವುದನ್ನು ಹೊಸದಾಗಿ ಕಲಿತರೆಂಬುದು ಅವರ ಯಾವ ಪದಕಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುತ್ತದೆ. 2008ರ ಬೀಜಿಂಗ್‌ನಲ್ಲಿ ಟೀಮ್ ಸ್ಪ್ರಿಂಟ್, ಕೀರಿನ್, ಸ್ಪ್ರಿಂಟ್ ಮೂರರಲ್ಲೂ ಚಿನ್ನ ಗೆದ್ದರು. ಒಂದೇ ಕ್ರೀಡಾಕೂಟದಲ್ಲಿ ಮೂರು ಚಿನ್ನ ಗೆದ್ದ ಬ್ರಿಟಿಷರು 1908ರ ನಂತರ ಇವರೇ ಮೊದಲಿಗರು.

2012ರ ಲಂಡನ್ ಒಲಿಂಪಿಕ್‌ಗೆ ಬರುವ ಹೊತ್ತಿಗೆ ನಿಯಮ ಮತ್ತೆ ಬದಲಾಗಿತ್ತು. ಸ್ಪ್ರಿಂಟ್‌ನಲ್ಲಿ ಒಂದು ದೇಶದಿಂದ ಒಬ್ಬರೇ ಎಂದಾದಾಗ ಬ್ರಿಟನ್ ಕಿರಿಯ ಸಂಗಾತಿ ಜೇಸನ್ ಕೆನ್ನಿಯನ್ನು ಆರಿಸಿತು, ಕೆನ್ನಿ ಗೆದ್ದರು. ಹೋಯ್ ಟೀಮ್ ಸ್ಪ್ರಿಂಟ್ ಗೆದ್ದು, ಕೀರಿನ್ ಫೈನಲ್ಲಿನ ಕೊನೆಯ ಸುತ್ತಿನಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಲೆವಿ ಪಕ್ಕಕ್ಕೆ ಬಂದು ಮುಂದೆ ಚಾಚಿದಾಗಲೂ ಒಳಗೆರೆ ಬಿಡದೆ ಹಿಡಿದು, ಮತ್ತೆ ಮುಂದೆ ಬಂದು ಗೆದ್ದರು. ವಯಸ್ಸು ಮೂವತ್ತಾರು. 2013ರಲ್ಲಿ ನಿವೃತ್ತರಾದರು.

ಆಮೇಲೆ ಕಾರ್ ರೇಸಿಗೆ ಹೋಗಿ, 2016ರಲ್ಲಿ ಲೆ ಮಾನ್‌ನ 24 ಗಂಟೆಗಳ ಓಟವನ್ನು ಮುಗಿಸಿದರು. 2024ರಲ್ಲಿ ತಮಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ, ಅದು ವಾಸಿಯಾಗುವ ಹಂತ ದಾಟಿದೆ ಎಂದು ತಾವೇ ಜನರಿಗೆ ತಿಳಿಸಿದರು. ಅವರ ತಂದೆಗೂ ಅಜ್ಜನಿಗೂ ಅದೇ ಕಾಯಿಲೆ ಇತ್ತು. ಮನೆತನದಲ್ಲಿ ಈ ಕಾಯಿಲೆ ಇರುವ ಗಂಡಸರು ಬೇಗನೆ ಪರೀಕ್ಷೆ ಮಾಡಿಸಿಕೊಳ್ಳುವಂತಾಗಬೇಕೆಂದು ಅವರು ಈಗ ಮಾತಾಡುತ್ತಿದ್ದಾರೆ. ಪೋಷಕರಲ್ಲಿ ನಡುವಯಸ್ಸಿನ ಗಂಡಸರಿದ್ದರೆ ಈ ಮಾತನ್ನು ನಾನು ತಪ್ಪದೆ ಹೇಳುತ್ತೇನೆ, ನಮ್ಮ ಕಡೆ ಇದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ.

ಇದನ್ನೆಲ್ಲ ಕೇಳಿ ‘ಅವರ ದೇಶ ಬ್ಯಾರೆ, ನಮ್ಮದು ಬ್ಯಾರೆ ಬಿಡ್ರಿ ಸರ’ ಎನ್ನುವವರಿದ್ದಾರೆ, ಅದರಲ್ಲಿ ಸತ್ಯವೂ ಇದೆ. 1994ರಲ್ಲಿ ಮ್ಯಾಂಚೆಸ್ಟರ್‌ನ ಒಳಾಂಗಣ ವೆಲೊಡ್ರೋಮ್ ತೆರೆಯದಿದ್ದರೆ, 1996ರ ಒಲಿಂಪಿಕ್‌ನಲ್ಲಿ ಬ್ರಿಟನ್ನಿಗೆ ಒಂದೇ ಚಿನ್ನ ಬಂದ ನಂತರ ಅಲ್ಲಿನ ರಾಷ್ಟ್ರೀಯ ಲಾಟರಿಯ ಹಣ ಕ್ರೀಡೆಗೆ ಹರಿಯದಿದ್ದರೆ, ಹೋಯ್ ಎಷ್ಟು ದುಡಿದರೂ ಇಷ್ಟು ದೂರ ಬರುತ್ತಿರಲಿಲ್ಲ. ಭಾರತದ ಸೈಕ್ಲಿಸ್ಟರು 1964ರ ಟೋಕಿಯೊ ನಂತರ ಒಲಿಂಪಿಕ್‌ನಲ್ಲಿ ಓಡಿಯೇ ಇಲ್ಲ. ಆದರೆ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಮರದ ಟ್ರ್ಯಾಕು ಬಂದ ಮೇಲೆ, 2018ರಲ್ಲಿ ಅಂಡಮಾನಿನ ಎಸೊ ಆಲ್ಬೆನ್ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಕೀರಿನ್‌ನಲ್ಲಿ ಬೆಳ್ಳಿ ಗೆದ್ದರು, ಮರುವರ್ಷ ಭಾರತದ ಹುಡುಗರು ಅದೇ ಕೂಟದ ಟೀಮ್ ಸ್ಪ್ರಿಂಟ್‌ನಲ್ಲಿ ಚಿನ್ನವನ್ನೇ ತಂದರು. ಟ್ರ್ಯಾಕು ಬಂದರೆ ನಮ್ಮ ಹುಡುಗರೂ ಓಡಬಲ್ಲರು. ಈ ಭಾಗದಲ್ಲಿ ಒಂದು ವೆಲೊಡ್ರೋಮ್ ಆಗಬೇಕೆಂದು ಕೇಳುವುದು ಪೋಷಕರ ಕೆಲಸವೂ ಹೌದು.

ಹಾಗಾಗಿ ಹನ್ನೆರಡು ವರ್ಷದ ಮಗನನ್ನೋ ಮಗಳನ್ನೋ ಕರೆತಂದವರಿಗೆ ನಾನು ಹೇಳುವುದು ಇಷ್ಟು. ಈಗಲೇ ಒಂದು ರೇಸಿಗೆ ಹಚ್ಚಬೇಡಿ. ಎರಿ ಹೊಲದ ದಾರಿಯಲ್ಲೂ ಓಡಲಿ, ಬಿಂಕದಕಟ್ಟಿಯ ಗುಡ್ಡದ ಕಡೆಗೂ ಹತ್ತಲಿ, ಆಷಾಢದ ಎದುರುಗಾಳಿಯಲ್ಲಿ ಮುಳಗುಂದದ ರಸ್ತೆಯಲ್ಲಿ ದೊಡ್ಡವರೊಬ್ಬರ ಜೊತೆಗೆ ಹೋಗಿ ಬರಲಿ. ಕಬಡ್ಡಿ, ಕೊಕ್ಕೊ ಬಿಡಿಸಬೇಡಿ, ಶಾಲೆಯನ್ನಂತೂ ಬಿಡಿಸಲೇಬೇಡಿ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಅದು ಚಿಮ್ಮುವ ಕಾಲೋ ದೂರ ಓಡುವ ಕಾಲೋ ಎಂಬುದು ತಾನಾಗಿ ಗೊತ್ತಾಗುತ್ತದೆ, ಸ್ಪರ್ಧೆಯ ಮಾತು ಆಗ ಆಡೋಣ. ಬ್ರೇಕೂ ಫ್ರೀವೀಲೂ ಇಲ್ಲದ ಫಿಕ್ಸಡ್ ಗೇರಿನ ಸೈಕಲ್ಲನ್ನು ರಸ್ತೆಯ ಮೇಲೆ ಹೊಡೆಯಲು ಖಂಡಿತ ಕೊಡಬೇಡಿ, ಅದರ ಜಾಗ ಟ್ರ್ಯಾಕು ಮಾತ್ರ. ಸಾಲ ಮಾಡಿ ದುಬಾರಿ ಸೈಕಲ್ ಕೊಡಿಸುವ ಅಗತ್ಯವೂ ಈಗಿಲ್ಲ. ಮನೆಯಲ್ಲಿರುವ ಸೈಕಲ್ಲಿನ ಸೀಟನ್ನು ಸರಿಯಾದ ಎತ್ತರಕ್ಕೆ ಏರಿಸಿದರೆ ಸಾಕು: ಮಗು ಸೀಟಿನ ಮೇಲೆ ಕುಳಿತು, ಪೂರ್ತಿ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಮೊಣಕಾಲು ನೆಟ್ಟಗಾಗಬೇಕು. ನಮ್ಮ ಶಾಲೆಗೆ ಬರುವ ಹೆಚ್ಚಿನ ಸೈಕಲ್ಲುಗಳಲ್ಲಿ ಸೀಟು ತೀರಾ ಕೆಳಗಿರುತ್ತದೆ, ಅದರಿಂದ ಮಕ್ಕಳ ಮೊಣಕಾಲು ನೋಯುತ್ತದೆ. ಯಾವುದೇ ಸೈಕಲ್ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಅದನ್ನು ಸರಿಮಾಡಿ ಕೊಡುತ್ತಾರೆ.