ಪೋಕರ್‌ನಲ್ಲಿ ಕಲಿಯೋದು ಎಂತ ಇದೆ ಮಾರಾಯ?

ತೀರ್ಥಹಳ್ಳಿ ಕಡೆಯ ನೆಂಟರಿರಲಿ, ಶಿವಮೊಗ್ಗದ ಗೆಳೆಯರಿರಲಿ, ಪೋಕರ್ ಕಲಿಸುತ್ತೇನೆ ಬನ್ನಿ ಅಂದರೆ ಎಲ್ಲರೂ ಕೇಳುವುದು ಇದನ್ನೇ: "ಎಲೆ ಬಂದ್ರೆ ಗೆಲ್ತೀವಿ, ಬರ್ಲಿಲ್ಲ ಅಂದ್ರೆ ಸೋಲ್ತೀವಿ. ಅದ್ರಲ್ಲಿ ಕಲಿಯೋದು ಎಂತ ಇದೆ?"

ಎಲೆ ಕೆಳಗಿಡುವುದನ್ನು ಕಲಿಯಬೇಕು. ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿ ಬೆಳೆದವರಿಗೆ ಇದೇ ಕಷ್ಟ. ಅಲ್ಲಿ ಕೈಗೆ ಏನು ಬಂದರೂ ಕೊನೆಯವರೆಗೆ ಆಡಲೇಬೇಕು. ಪೋಕರ್‌ನಲ್ಲಿ ಹಾಗಿಲ್ಲ. ಬೇಡ ಅನ್ನಿಸಿದ ಕ್ಷಣ ಫೋಲ್ಡ್ ಮಾಡಬಹುದು, ಅಂದರೆ ಎಲೆ ಕೆಳಗಿಟ್ಟು ಆ ಆಟದಿಂದ ಹೊರಗುಳಿಯಬಹುದು. ಮೂರೆಲೆ ಆಡುವವರು ಇದನ್ನೇ ಪ್ಯಾಕ್ ಅನ್ನುತ್ತಾರೆ.

ಹೆಚ್ಚು ಜನ ಆಡುವುದು ಟೆಕ್ಸಾಸ್ ಹೋಲ್ಡೆಮ್. ಕೈಗೆ ಎರಡೆಲೆ. ನಡುವೆ ಎಲ್ಲರಿಗೂ ಸೇರಿದ ಐದೆಲೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಜೋಡಿ, ಎರಡು ಜೋಡಿ, ಒಂದೇ ಥರದ ಮೂರು, ಸ್ಟ್ರೇಟ್ (ಸಾಲಾಗಿ ಐದು), ಫ್ಲಶ್ (ಒಂದೇ ಜಾತಿಯ ಐದು), ಫುಲ್ ಹೌಸ್ (ಒಂದೇ ಥರದ ಮೂರು ಮತ್ತು ಒಂದು ಜೋಡಿ), ಒಂದೇ ಥರದ ನಾಲ್ಕು, ಸ್ಟ್ರೇಟ್ ಫ್ಲಶ್ (ಒಂದೇ ಜಾತಿಯಲ್ಲಿ ಸಾಲಾಗಿ ಐದು), ಹೀಗೆ ಬೆಲೆ ಏರುತ್ತದೆ. ಮೂರೆಲೆಯವರು ಒಂದನ್ನು ಮರೆಯಬಾರದು. ಅಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಇಲ್ಲಿ ಒಂದೇ ಜಾತಿಯ ಐದೆಲೆ, ಅಂದರೆ ಫ್ಲಶ್, ಸ್ಟ್ರೇಟ್‌ಗಿಂತ ದೊಡ್ಡದು.

ನನಗೆ ಈ ಆಟದಲ್ಲಿ ತುಂಬ ಇಷ್ಟವಾದದ್ದು ಅದರ ಲೆಕ್ಕ. ನಿಮ್ಮ ಕೈಯಲ್ಲಿ ಎರಡು ಆಟೀನು, ನಡುವೆ ಬಿದ್ದ ನಾಲ್ಕರಲ್ಲಿ ಇನ್ನೆರಡು ಆಟೀನು ಅಂದುಕೊಳ್ಳಿ. ಇನ್ನೊಂದು ಬಂದರೆ ಫ್ಲಶ್. ಕಾಣದ ಎಲೆ 46, ಅದರಲ್ಲಿ ಆಟೀನು 9. ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ಸಲ ಬರುತ್ತದೆ. ಈಗ ನಡುವೆ ಎಲ್ಲರೂ ದುಡ್ಡಿನ ಬದಲು ಕಟ್ಟಿದ 80 ಹುಣಸೆ ಬೀಜ ಇದೆ, ಎದುರಿನವರು 20 ಸೇರಿಸಿದರು. 100 ಗೆಲ್ಲಲು ನೀವು ಕಟ್ಟಬೇಕಾದದ್ದು 20. ಆರು ಸಲದಲ್ಲಿ ಒಮ್ಮೆ ಗೆದ್ದರೂ ಅಸಲು ಬರುತ್ತದೆ, ಹಾಗಾಗಿ ಆಡಿ. ಅವರೇ 80 ಸೇರಿಸಿದರೆ 160ಕ್ಕಾಗಿ 80 ಕಟ್ಟಬೇಕು, ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಅದು ಆಗದ ಮಾತು, ಎಲೆ ಇಡಿ. ಕೊನೆಗೆ ಆಟೀನೇ ಬಿದ್ದರೂ ನೀವು ಇಟ್ಟದ್ದು ಸರಿಯೇ. ಇದನ್ನು ಒಪ್ಪಿಕೊಳ್ಳುವುದಕ್ಕೇ ಜನರಿಗೆ ಬಹಳ ಸಮಯ ಹಿಡಿಯುತ್ತದೆ.

ಕೂತ ಜಾಗವೂ ಮುಖ್ಯ. ಮೊದಲು ಮಾತಾಡುವವರಿಗೆ ಉಳಿದವರು ಏನು ಮಾಡುತ್ತಾರೋ ಗೊತ್ತಿರುವುದಿಲ್ಲ, ಕೊನೆಯವರು ಎಲ್ಲ ನೋಡಿ ತೀರ್ಮಾನಿಸುತ್ತಾರೆ. ಮುಂದಿದ್ದಾಗ ದೊಡ್ಡ ಜೋಡಿ, ಎಕ್ಕ-ರಾಜದಂಥ ಎಲೆ ಮಾತ್ರ ಆಡಿ. ಕೊನೆಯಲ್ಲಿದ್ದಾಗ ಸ್ವಲ್ಪ ಸಡಿಲ ಬಿಡಬಹುದು. ಕೈಗೆ ಜೋಡಿಯೇ ಬರುವುದು 17ಕ್ಕೆ ಒಂದು ಸಲ, ಹಾಗಾಗಿ ಕಾಯುವುದೇ ಹೆಚ್ಚು.

ಬ್ಲಫ್, ಅಂದರೆ ಒಳ್ಳೆಯ ಎಲೆ ಇಲ್ಲದೆಯೂ ಇದ್ದಂತೆ ಕಟ್ಟಿ ಎದುರಿನವರನ್ನು ಹೆದರಿಸುವುದು, ಇದರ ಬಗ್ಗೆ ಹುಡುಗರಿಗೆ ವಿಪರೀತ ಆಸೆ. ಎಲೆ ಇಡಲು ಗೊತ್ತಿಲ್ಲದವರ ಮುಂದೆ ಬ್ಲಫ್ ನಡೆಯುವುದಿಲ್ಲ, ಅಷ್ಟೇ.

ದುಡ್ಡು ಮಾತ್ರ ಬೇಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಅದಿಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಚನ್ನೆಮಣೆ ಆಡಲು ಎತ್ತಿಟ್ಟ ಬೀಜ ಸಾಕು. ತಲೆಗೆ ನೂರು ಹಂಚಿ, ಪ್ರತಿ ಆಟ ಮುಗಿದ ಮೇಲೆ ಎಲ್ಲರೂ ಎಲೆ ತೋರಿಸಿ, ಯಾರು ಯಾಕೆ ಕಟ್ಟಿದರು, ಯಾಕೆ ಇಟ್ಟರು ಅಂತ ಮಾತಾಡಿ.