ಕೊನೇ ಪುಟದಿಂದ ಶುರು ಮಾಡಿ

ಕ್ರಿಕೆಟಿಗರ ಜೀವನಚರಿತ್ರೆ ವಿಮರ್ಶೆಗೆ ಬಂದರೆ ಮುನ್ನುಡಿ ಆಮೇಲೆ, ಮೊದಲು ಹಿಂದಿನ ಅಂಕಿಅಂಶದ ಪುಟ ತೆಗೀರಿ. 1971ರ ಲಂಡನ್ನಿನ ಓವಲ್ ಟೆಸ್ಟ್: ನಮ್ಮ ಸ್ಪಿನ್ನರ್ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಇದೇ ತಪ್ಪಿದ್ದರೆ ಉಳಿದದ್ದನ್ನ ನಂಬೋದು ಕಷ್ಟ. ಬಹಳಷ್ಟು ಜನ ಎಡವೋದು ಓವರ್ ಲೆಕ್ಕದಲ್ಲಿ. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಓವರಿಗೆ 8 ಎಸೆತ. ಸ್ಪಿನ್ನರ್ ಬೇಡಿ 20 ಓವರ್ ಹಾಕಿದರು ಅಂದರೆ 160 ಚೆಂಡು, 120 ಅಲ್ಲ. ಇದು ಮರೆತು ಎಕಾನಮಿ (ಓವರಿಗೆ ಕೊಟ್ಟ ರನ್) ಹೋಲಿಸಿದರೆ ಇಡೀ ಅಧ್ಯಾಯವೇ ಹಳ್ಳ ಹಿಡಿಯುತ್ತೆ.

ನಮ್ಮ ದಾವಣಗೆರೆಯ ಬೌಲರ್ ವಿನಯ್ ಕುಮಾರ್ ಬಗ್ಗೆ ಬರೆಯೋರು ಅವರು ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟಿಗೆ ನಿಂತುಬಿಡ್ತಾರೆ (ಸೋಮಾರಿತನ, ಬೇರೇನಿಲ್ಲ). 2015ರ ವಾಂಖೆಡೆ ರಣಜಿ ಫೈನಲ್‌ನಲ್ಲಿ ತಮಿಳುನಾಡು 134ಕ್ಕೆ ಉದುರಿದಾಗ ಅವರದು 5 ವಿಕೆಟ್, ಆಮೇಲೆ ಬ್ಯಾಟಿಂಗ್‌ನಲ್ಲಿ ಅಜೇಯ 105. ಅದಕ್ಕೆಷ್ಟು ಪುಟ ಕೊಟ್ಟಿದ್ದಾರೆ, ಅದನ್ನ ನೋಡಿ.