ಕೆಲಸ ಹೋಗಲಿಲ್ಲವಲ್ಲ, ಮತ್ತೇಕೆ ಮುಷ್ಕರ ಮಾಡಿದಿರಿ?

ಮದುವೆಮನೆಯ ಪಂಕ್ತಿಯಲ್ಲಿ ಯಾರಾದರೂ ನನ್ನನ್ನು ವಿಮಾನ ನಿಲ್ದಾಣ ಪ್ರಾಧಿಕಾರದ ನಿವೃತ್ತ ನೌಕರನೆಂದು ಪರಿಚಯಿಸಿದರೆ ಸಾಕು, ಎಲೆಗೆ ಪಲ್ಯ ಬೀಳುವ ಮೊದಲೇ ಪಕ್ಕದವರಿಂದ ಪ್ರಶ್ನೆ ಬರುತ್ತದೆ: "ಅಲ್ಲ, ನಿಮ್ಮಲ್ಲಿ ಯಾರಿಗೂ ಕೆಲಸ ಹೋಗಲಿಲ್ಲವಲ್ಲ, ಮತ್ತೇಕೆ ಅಷ್ಟು ದೊಡ್ಡ ಮುಷ್ಕರ ಮಾಡಿದಿರಿ?" ಇಷ್ಟು ವರ್ಷ ನಗುತ್ತಲೇ ಉತ್ತರಿಸಿದ್ದೇನೆ. ಇನ್ನು ಮುಂದೆ ಕೇಳುವವರು ಇದನ್ನು ಓದಿಕೊಳ್ಳಲಿ, ನನ್ನನ್ನು ನೆಮ್ಮದಿಯಾಗಿ ಉಣ್ಣಲು ಬಿಡಲಿ.

ನನಗೆ ಸಿಟ್ಟು ಬರುವುದು ಮೊದಲಿನ ಆ "ಅಲ್ಲ" ಎಂಬ ಪದಕ್ಕೆ. ತೀರ್ಪು ಬರೆದಿಟ್ಟುಕೊಂಡ ಮೇಲೆ ಆರೋಪಿಯ ಹೇಳಿಕೆ ಪಡೆಯುವವರ ಧಾಟಿ ಅದು. ಮಳೆಯಲ್ಲಿ ಕೊಡೆ ಹಿಡಿದು ಮನೆ ಸೇರಿದವನನ್ನು, ನೀನು ನೆನೆಯಲಿಲ್ಲವಲ್ಲ, ಕೊಡೆ ಏಕೆ ಬೇಕಿತ್ತು ಎಂದು ಕೇಳುತ್ತಾರೆಯೇ? 2006ರ ಫೆಬ್ರವರಿಯಲ್ಲಿ, ದೆಹಲಿ ಮತ್ತು ಮುಂಬೈ ನಿಲ್ದಾಣಗಳನ್ನು ಖಾಸಗಿಯವರಿಗೆ ಕೊಡುವ ತೀರ್ಮಾನದ ವಿರುದ್ಧ ದೇಶದಾದ್ಯಂತ ನಾಲ್ಕು ದಿನ ಕೆಲಸ ನಿಲ್ಲಿಸಿದಾಗ, ಮುಂದೇನಾಗುತ್ತದೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ನಾಲ್ಕು ದಿನವೂ ವಿಮಾನಗಳು ಬಹುಮಟ್ಟಿಗೆ ಹಾರಾಡಿದವು, ನಿಂತದ್ದು ಕಸ ಗುಡಿಸುವ ಕೆಲಸ. ಪತ್ರಿಕೆಗಳಿಗೆ ನಮ್ಮ ಬೇಡಿಕೆಗಿಂತ ಶೌಚಾಲಯದ ವಾಸನೆಯೇ ದೊಡ್ಡ ಸುದ್ದಿಯಾಯಿತು.

ಕೆಲಸ ಹೋಗಲಿಲ್ಲ ಎಂಬುದು ನಿಜ. ಆದರೆ ಆ ಮಾತಿನ ಒಳಗೇನಿತ್ತೆಂದು ನೋಡಿ. ದೆಹಲಿ, ಮುಂಬೈ ನಿಲ್ದಾಣಗಳಲ್ಲಿ ಶೇಕಡ 74ರ ಪಾಲು ಖಾಸಗಿಯವರದಾಯಿತು, ಪ್ರಾಧಿಕಾರಕ್ಕೆ ಉಳಿದದ್ದು 26. ನೌಕರರ ವಿಷಯದಲ್ಲಿ ಒಪ್ಪಂದ ಹೇಳಿದ್ದಿಷ್ಟು: ಮೂರು ವರ್ಷ ಹಳಬರು ಅಲ್ಲಿಯೇ ದುಡಿಯಬಹುದು, ಆಮೇಲೆ ಅಧಿಕಾರಿಗಳಲ್ಲದ ನೌಕರರಲ್ಲಿ ಕನಿಷ್ಠ ಶೇಕಡ 60 ಮಂದಿಯನ್ನು ಹೊಸ ಕಂಪನಿ ಕೆಲಸಕ್ಕೆ ಕರೆಯಬೇಕು. ಕರೆ ಬಾರದವರು, ಬಂದರೂ ಒಲ್ಲದವರು, ಪ್ರಾಧಿಕಾರಕ್ಕೇ ಮರಳಿ ಅದು ತೋರಿಸಿದ ಊರಿಗೆ ಹೋಗಬೇಕು. ಸಂಬಳ ನಿಲ್ಲುವುದಿಲ್ಲ, ಆದರೆ ನಿಮ್ಮ ಹೆಸರಿನ ಮುಂದೆ "ಹೆಚ್ಚುವರಿ" ಎಂಬ ಪದ ಬಂದು ಕೂರುತ್ತದೆ. ನೀವು ನಿವೃತ್ತರಾದ ದಿನ ಹುದ್ದೆಯೂ ನಿಮ್ಮೊಂದಿಗೇ ನಿವೃತ್ತವಾಗುತ್ತದೆ.

ಬೆಂಗಳೂರಿನಲ್ಲಿ ಅಷ್ಟೂ ಇರಲಿಲ್ಲ. ದೇವನಹಳ್ಳಿಯ ನಿಲ್ದಾಣ ತೆರೆದ ದಿನ ಎಚ್‌ಎಎಲ್ ನಿಲ್ದಾಣದ ನಾಗರಿಕ ವಿಮಾನಗಳು ನಿಲ್ಲಬೇಕೆಂದು 2004ರ ಒಪ್ಪಂದದಲ್ಲಿಯೇ ಇತ್ತು. ಇದರ ವಿರುದ್ಧವೂ, ಹೈದರಾಬಾದಿನ ಬೇಗಂಪೇಟೆಯನ್ನು ಮುಚ್ಚುವುದರ ವಿರುದ್ಧವೂ 2008ರ ಮಾರ್ಚಿನಲ್ಲಿ ಮತ್ತೆ ಮುಷ್ಕರ ಹೂಡಿದೆವು. ತಮಾಷೆಯೆಂದರೆ ಹೊಸ ನಿಲ್ದಾಣದಲ್ಲಿ ನಮ್ಮ ಪ್ರಾಧಿಕಾರಕ್ಕೂ ಶೇಕಡ 13ರ ಪಾಲಿತ್ತು. ನಮ್ಮ ಅಂಗಡಿಗೆ ಬೀಗ ಹಾಕುತ್ತಿದ್ದ ಅಂಗಡಿಯಲ್ಲಿ ನಾವೂ ಸಣ್ಣ ಪಾಲುದಾರರು. ಹಳೆಯ ಟರ್ಮಿನಲ್ ಕಿಕ್ಕಿರಿದಿತ್ತು, ಊರಿಗೆ ದೊಡ್ಡ ನಿಲ್ದಾಣ ಬೇಕಿತ್ತು, ಅದನ್ನು ನಾನು ಅಂದೂ ಅಲ್ಲಗಳೆದವನಲ್ಲ. ಆದ್ದರಿಂದ "ಈಗ ಎಷ್ಟು ಫಳಫಳ ಹೊಳೆಯುತ್ತಿದೆ ನೋಡಿದಿರಾ ಭಾವ?" ಎಂದು ಹೆಂಡತಿಯ ತಮ್ಮ ಪ್ರತಿ ಸಲ ಕೇಳುವುದು ಯಾವ ವಾದಕ್ಕೆ ಉತ್ತರವೋ ನನಗೆ ತಿಳಿಯದು. ನೆಲ ಹೊಳೆಯಬಾರದೆಂದು ನಾವೇನೂ ಮುಷ್ಕರ ಮಾಡಿರಲಿಲ್ಲ.

ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ: ಮುಷ್ಕರ ಮಾಡಲೂ ಆಗದವರ ಗತಿ ಏನಾಯಿತು? ನಮ್ಮ ಟರ್ಮಿನಲ್‌ನಲ್ಲಿ ಟ್ರಾಲಿ ಎಳೆಯುತ್ತಿದ್ದ ಗುತ್ತಿಗೆಯ ಹುಡುಗನೊಬ್ಬನಿದ್ದ. ಇಪ್ಪತ್ತು ಟ್ರಾಲಿಗಳನ್ನು ಒಂದರೊಳಗೊಂದು ತೂರಿಸಿ, ಮುಂದಿನದಕ್ಕೆ ಹಗ್ಗ ಬಿಗಿದು, ಮೈಯನ್ನು ಓರೆಯಾಗಿಸಿ ಎಳೆದು ತಿರುವು ದಾಟಿಸುತ್ತಿದ್ದ. ಅವನ ಕೊರಳಲ್ಲಿದ್ದ ಪ್ರವೇಶದ ಪಾಸು ಗುತ್ತಿಗೆದಾರನ ಕರಾರಿಗೆ ಅಂಟಿಕೊಂಡಿತ್ತು; ಕರಾರು ಮುಗಿದರೆ ಪಾಸು ಒಪ್ಪಿಸಬೇಕು, ಆಮೇಲೆ ಅವನಿಗೆ ಆ ಬಾಗಿಲೊಳಗೆ ಕಾಲಿಡುವ ಹಕ್ಕೂ ಇಲ್ಲ. ಮಾರ್ಚಿನ ಆ ದಿನ ನಾವು ಹೊರಗೆ ಘೋಷಣೆ ಕೂಗುತ್ತಿದ್ದಾಗ ಅವನು ಒಳಗೆ ಟ್ರಾಲಿ ಎಳೆಯುತ್ತಲೇ ಇದ್ದ. ಪಾಳಿ ಮುಗಿಸಿ ಹೊರಬಂದವನು ನನ್ನ ಕೈಯಲ್ಲಿದ್ದ ಬೇಡಿಕೆಗಳ ಕರಪತ್ರವನ್ನು ಇಸಿದುಕೊಂಡು, ಎರಡೂ ಬದಿ ತಿರುಗಿಸಿ ಓದಿ, "ಸಾರ್, ಇದರಲ್ಲಿ ನಮ್ಮ ವಿಷಯ ಎಲ್ಲಿದೆ?" ಎಂದ.

ಇರಲಿಲ್ಲ. ಕಾಯಂ ನೌಕರರ ಸಂಘ, ಕಾಯಂ ನೌಕರರ ಬೇಡಿಕೆ. "ಮುಂದಿನ ಸಲ ಸೇರಿಸೋಣ" ಎಂದು ಹೇಳಿದೆ, ಹೇಳುವಾಗಲೇ ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಮೇ 23ರ ರಾತ್ರಿ ಹಳೆಯ ಟರ್ಮಿನಲ್ ಮುಚ್ಚಿತು. ನನಗೆ ವರ್ಗಾವಣೆಯ ಆದೇಶ ಬಂತು, ಸಂಬಳ ಒಂದು ತಿಂಗಳೂ ತಪ್ಪಲಿಲ್ಲ. ಅವನು ಕರಪತ್ರವನ್ನು ನೀಟಾಗಿ ಮಡಿಸಿ ನನಗೇ ಹಿಂದಿರುಗಿಸಿದ್ದ.